ಬ್ಯಾಟರಿ ಹೋಗಿರಲಿಲ್ಲ: ನನ್ನ ಟಿಟಿ (ಟೆಂಪೋ ಟ್ರಾವೆಲರ್) ಕ್ಯಾಂಪರ್‌ನ ವೈರಿಂಗ್ ಅನುಭವ

ಕ್ಯಾಂಪರ್‌ನಲ್ಲಿ ಹಿಂಬದಿಗೆ ಫ್ರಿಜ್, ಲೈಟ್‌ಗೆ ಅಂತ ಹಾಕಿದ ಎರಡನೇ ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುತ್ತಿಲ್ಲ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ. ಬ್ಯಾಟರಿ ಹೋಗಿದೆ, ಲಿಥಿಯಂ ಹಾಕಿಸು. ನಾನು ಹಾಕಿಸಲಿಲ್ಲ. ಎಲ್ಲರೂ ಸತ್ತಿದೆ ಅಂದ ಅದೇ 100 ಎಎಚ್ (ಆಂಪ್-ಗಂಟೆ) ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿಯಲ್ಲಿ ಈ ಬೇಸಿಗೆ ಮರವಂತೆ ಕಡೆ ಫ್ರಿಜ್ ರಾತ್ರಿಯಿಡೀ ಓಡಿತು. ಏಪ್ರಿಲ್ ತಿಂಗಳ ಕರಾವಳಿ ಸೆಕೆ ಹೇಗಿರುತ್ತದೆ ಅಂತ ಗೊತ್ತಲ್ವಾ, ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ. ಬೆಳಿಗ್ಗೆ ಫ್ರಿಜ್ ಸಾಕೆಟ್‌ನಲ್ಲೇ 12.1 ವೋಲ್ಟ್ ಹತ್ತಿರ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹಳೇ ಬಿಎಸ್4 ಟಿಟಿ. ಸೀಟು ತೆಗೆಸಿ ಮಂಚ, ಅಡುಗೆ ಕಟ್ಟೆ, 40 ಲೀಟರಿನ 12 ವೋಲ್ಟ್ ಫ್ರಿಜ್, ನಾಲ್ಕು ಎಲ್‌ಇಡಿ, ಎರಡು ಫ್ಯಾನ್, ಒಂದು ಸಣ್ಣ ಇನ್ವರ್ಟರ್ ಹಾಕಿಸಿದ್ದು. ಬ್ಯಾಟರಿ ಹಿಂದಿನ ಬಾಗಿಲ ಪಕ್ಕ, ಅದಕ್ಕೆ ಚಾರ್ಜ್ ಕೊಡುವ ಡೈನಮೋ ಮುಂದೆ. ನಡುವೆ ಐದು ಮೀಟರ್‌ಗಿಂತ ಜಾಸ್ತಿ ದೂರ. ರೋಗ ಇದ್ದದ್ದೇ ಈ ದೂರದಲ್ಲಿ.

ಲಕ್ಷಣ ಹೀಗಿತ್ತು. ಬೆಂಗಳೂರಿಂದ ಸಕಲೇಶಪುರ ದಾಟಿ ಶಿರಾಡಿ ಇಳಿಯುವವರೆಗೆ ಐದಾರು ಗಂಟೆ ಗಾಡಿ ಓಡಿರುತ್ತದೆ. ಆದರೂ ರಾತ್ರಿ ಒಂದೋ ಎರಡೋ ಗಂಟೆಗೆ ಫ್ರಿಜ್ ಬಂದ್. ಎದ್ದು ಬ್ಯಾಟರಿಗೆ ಮೀಟರ್ ಹಿಡಿದರೆ 12.3, 12.4. ಫ್ರಿಜ್ ತಾನೇ ಬಂದ್ ಆಗುವ ವೋಲ್ಟೇಜ್ (ಕಟ್‌ಆಫ್) ಹೈ ಸೆಟ್ಟಿಂಗ್‌ನಲ್ಲಿ 11.1, ಅದನ್ನು ಲೋಗೆ ಇಳಿಸಿದರೂ ಹೆಚ್ಚೆಂದರೆ ಒಂದು ಗಂಟೆ ಸಿಗುತ್ತಿತ್ತು.

ಬ್ಯಾಟರಿ ಅಂಗಡಿಯವರು ಕೈಯಲ್ಲಿ ಹಿಡಿಯುವ ಟೆಸ್ಟರ್ ಹಾಕಿದರು. ರಿಪ್ಲೇಸ್ ಅಂತ ಬಂತು. ಹೊಸ ಬ್ಯಾಟರಿಗೆ ಸುಮಾರು 14 ಸಾವಿರ ಕೊಟ್ಟೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ, ಮತ್ತೆ ಅದೇ ಟೆಸ್ಟರ್, ಮತ್ತೆ ರಿಪ್ಲೇಸ್. ಆ ಟೆಸ್ಟರ್ ಇರುವುದು ಸ್ಟಾರ್ಟಿಂಗ್ ಬ್ಯಾಟರಿಯ ಕ್ರ್ಯಾಂಕಿಂಗ್ (ಇಂಜಿನ್ ತಿರುಗಿಸುವ) ಶಕ್ತಿ ಅಂದಾಜು ಮಾಡಲು. ಅರ್ಧ ಚಾರ್ಜ್ ಇರುವ ಎಜಿಎಂಗೆ ಹಿಡಿದರೆ ಅದರ ಮಾತು ನಂಬುವ ಹಾಗಿಲ್ಲ. ಮೊದಲ ಬ್ಯಾಟರಿಯನ್ನು ಅಷ್ಟರಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಅದೂ ಚೆನ್ನಾಗೇ ಇತ್ತೇನೋ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೆಯದನ್ನು ಕೊಡಲಿಲ್ಲ. ಮನೆಗೆ ತಂದು ಚಾರ್ಜರ್‌ನಲ್ಲಿ 14.4ಕ್ಕೆ ಏರಿಸಿ ಪೂರ್ತಿ ತುಂಬಿಸಿದೆ. ಅರ್ಧ ದಿನ ಸುಮ್ನೆ ಬಿಟ್ಟೆ. ಆಮೇಲೆ ಒಂದು 55 ವಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿದೆ. ಅದು ನಾಲ್ಕೂವರೆ ಆಂಪ್ ಮೇಲೆ ಎಳೆಯುತ್ತದೆ. 100 ಎಎಚ್ ಅಂದರೆ ಇಪ್ಪತ್ತು ಗಂಟೆ 5 ಆಂಪ್ ಕೊಡಬೇಕು ಅಂತ, ಈ ಬಲ್ಬ್ ಹೆಚ್ಚುಕಮ್ಮಿ ಅಷ್ಟೇ ಲೋಡ್. ಸಾವಿರಾರು ರೂಪಾಯಿಯ ಯಂತ್ರ ಮಾಡುವ ಕೆಲಸವನ್ನು ನೂರು ಚಿಲ್ಲರೆಯ ಬಲ್ಬ್ ಮಾಡುತ್ತದೆ. ಹದಿನೇಳು, ಹದಿನೆಂಟು ಗಂಟೆ ಉರಿಯಿತು. 10.8ಕ್ಕೆ ಬಂದಾಗ ತೆಗೆದು ತಕ್ಷಣ ಚಾರ್ಜ್‌ಗೆ ಹಾಕಿದೆ. ಅಂದರೆ ಸುಮಾರು 80 ಎಎಚ್ ಗಟ್ಟಿಯಾಗಿ ಇದೆ. ಈ ಟೆಸ್ಟ್ ಪದೇ ಪದೇ ಬೇಡ, ಎಜಿಎಂಗೆ ಒಳ್ಳೆಯದಲ್ಲ.

ಇದನ್ನು ಹೇಳಿದಾಗ ನಮ್ಮ ಏರಿಯಾದ ಆಟೋ ಎಲೆಕ್ಟ್ರಿಷಿಯನ್, "ಸಾರ್, ವೈರಿಂಗ್ ಎಲ್ಲಾ ಪಕ್ಕಾ ಇದೆ, ನಾನೇ ಬೀಪ್ ಹಾಕಿ ನೋಡಿದೀನಿ" ಅಂದರು. ಗಾಡಿ ಗೆಳೆಯರು, "ಗುರು, ಅಷ್ಟೆಲ್ಲಾ ಯಾಕೆ, ಲಿಥಿಯಂ ಹಾಕಿ ಮುಗ್ಸು" ಅಂದರು. ವೈರ್ ತುಂಡಾಗಿಲ್ಲ ಅಂತ ಮೀಟರ್ ಕೂಗುವ ಆ ಬೀಪ್ ಏನೂ ಹೇಳುವುದಿಲ್ಲ ಸ್ವಾಮಿ. ಕೇಬಲ್ಲಿನ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಲೋಡ್ ಇಲ್ಲದೆ ವೋಲ್ಟ್ ನೋಡಿದರೆ ಎಲ್ಲಾ ಕಡೆ 12.6 ತೋರಿಸುತ್ತದೆ. ಕರೆಂಟ್ ಹರಿಯುವಾಗ ಮಾತ್ರ ಕಳ್ಳ ಸಿಗುವುದು.

ನಾನು ಮಾಡಿದ್ದು ಇಷ್ಟು. ಫ್ರಿಜ್ ಸಾಕೆಟ್‌ನಲ್ಲೇ ಎರಡು ಹೆಡ್‌ಲೈಟ್ ಬಲ್ಬ್ ಕಟ್ಟಿ, ಜೊತೆಗೆ ಫ್ರಿಜ್ಜನ್ನೂ ಓಡಿಸಿದೆ. ಒಟ್ಟು 12-13 ಆಂಪ್. ಬ್ಯಾಟರಿಯಲ್ಲಿ 12.3, ಸಾಕೆಟ್‌ನಲ್ಲಿ 11 ಚಿಲ್ಲರೆ. ದಾರಿಯಲ್ಲಿ ಒಂದೂಕಾಲು ವೋಲ್ಟ್ ಮಾಯ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಮೇಲಲ್ಲ, ಕಂಬದ ಮೇಲೇ ಇಟ್ಟು ಇನ್ನೊಂದನ್ನು ಪ್ಲಸ್ ದಾರಿಯುದ್ದಕ್ಕೂ ಸರಿಸುತ್ತಾ ಹೋದೆ. ಲಗ್ ದಾಟಿದಾಗ ಕೆಲವೇ ಮಿಲಿವೋಲ್ಟ್. ಫ್ಯೂಸ್ ಹೋಲ್ಡರ್ ದಾಟಿದ ಕೂಡಲೇ 0.35. ಮುಟ್ಟಿದರೆ ಕೈಗೆ ಬಿಸಿ. ಬಿಚ್ಚಿ ನೋಡಿದರೆ 30 ಆಂಪ್ ಅಂತ ಬರೆದ ಹೋಲ್ಡರ್, ದಪ್ಪ ಪ್ಲಾಸ್ಟಿಕ್ ಒಳಗೆ ಕಡ್ಡಿಯಂಥ ತಂತಿ. ಪಿನ್ ಹಿಡಿಯುವ ಕಡೆ ಕರಗಿತ್ತು.

ದೊಡ್ಡ ಕಳ್ಳ ಇದ್ದದ್ದು ಮೈನಸ್ ಕಡೆ. ಇಲ್ಲಿ ಯಾರೂ ನೋಡುವುದೇ ಇಲ್ಲ. ಬಾಡಿ ಅರ್ತ್ ಅಂತ, ಅಂದರೆ ಗಾಡಿಯ ಬಾಡಿಯನ್ನೇ ಮೈನಸ್ ತಂತಿಯಾಗಿ ಬಳಸಲು, ಪ್ಲೈವುಡ್ ಕೆಳಗೆ ಒಂದು ಬೋಲ್ಟ್ ಹಾಕಿದ್ದರು, ಪೇಂಟ್ ಕೂಡ ಕೆರೆದಿರಲಿಲ್ಲ. ಗೋಕರ್ಣ, ಕುಮಟಾ ಅಂತ ಸಮುದ್ರದ ಪಕ್ಕ ನಿಲ್ಲಿಸಿ ನಿಲ್ಲಿಸಿ ಉಪ್ಪು ಗಾಳಿಗೆ ತುಕ್ಕು ಹೂವಿನ ಹಾಗೆ ಅರಳಿತ್ತು. ಆ ಒಂದು ಬೋಲ್ಟ್‌ನಲ್ಲೇ ಅರ್ಧ ವೋಲ್ಟ್‌ಗಿಂತ ಜಾಸ್ತಿ ಹೋಗುತ್ತಿತ್ತು.

ಚಾರ್ಜಿಂಗ್ ಹಾದಿಯಲ್ಲೂ ಅದೇ ಬೋಲ್ಟ್ ಅಡ್ಡ ಇತ್ತು. ಇಂಜಿನ್ ಓಡುವಾಗ ಮುಂದಿನ ಬ್ಯಾಟರಿಯಲ್ಲಿ 14.2, ಹಿಂದೆ 13.4. ಮುಂದಿನಿಂದ ಎಳೆದಿದ್ದು 6 ಸ್ಕ್ವೇರ್ (ಚದರ ಮಿ.ಮೀ.) ಕೇಬಲ್. ಐದು ಮೀಟರ್‌ಗೆ 30 ಆಂಪ್ ಲೆಕ್ಕ ಹಾಕಿದರೆ ಆ ಪ್ಲಸ್ ಕೇಬಲ್ ಒಂದೇ 0.44 ವೋಲ್ಟ್ ತಿನ್ನುತ್ತದೆ. 25 ಸ್ಕ್ವೇರ್ ಆದರೆ ಸುಮಾರು 0.1. ಹೀಗಾಗಿ ಬ್ಯಾಟರಿ ಯಾವತ್ತೂ ಪೂರ್ತಿ ತುಂಬುತ್ತಿರಲಿಲ್ಲ, ಇದ್ದದ್ದು ಫ್ರಿಜ್‌ಗೆ ತಲುಪುತ್ತಿರಲಿಲ್ಲ.

ಕೇಬಲ್ ಹುಡುಕಿದ್ದೇ ದೊಡ್ಡ ಕಥೆ. ವೆಲ್ಡಿಂಗ್ ಕೇಬಲ್ ಮೆತ್ತಗೆ, ಬಗ್ಗುತ್ತದೆ, ರೇಟೂ ಪರವಾಗಿಲ್ಲ. ಗಾಡಿಗೆ ಅದು ಆಗಲ್ಲ ಅಂದವರೇ ಎಲ್ಲಾ. ಆಗುತ್ತದೆ, ಆದರೆ ಡೀಸೆಲ್, ಆಯಿಲ್ ತಾಗುವ ಕಡೆ ಎಳೆಯಬಾರದು, ಪೂರ್ತಿ ಕೊಳವೆ ಒಳಗೇ ಹೋಗಬೇಕು. ಮೊದಲು ಪ್ಯೂರ್ ಕಾಪರ್ ಅಂತ ಕೊಟ್ಟ ಕೇಬಲ್ ಲೋಡ್ ಹಾಕಿದ ಹತ್ತು ನಿಮಿಷಕ್ಕೆ ಬೆಚ್ಚಗಾಯಿತು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರ ಬಳಿದ ಅಲ್ಯೂಮಿನಿಯಂ! ಎರಡು ಸಾವಿರ ಚಿಲ್ಲರೆ ನೀರಲ್ಲಿ ಹೋಮ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸರಿಯಾದದ್ದು ಸಿಕ್ಕಿತು, ಅಂಗಡಿ ಯಾವುದು ಅಂತ ಹೇಳುವುದಿಲ್ಲ. ನೀವೂ ಬ್ಲೇಡ್ ಜೇಬಲ್ಲಿಟ್ಟುಕೊಂಡು ಹೋಗಿ, ಸಿಗುತ್ತದೆ.

ಪ್ಲಸ್, ಮೈನಸ್ ಎರಡೂ 25 ಸ್ಕ್ವೇರ್, ಮುಂದಿನಿಂದ ಹಿಂದಿನವರೆಗೆ. ಹಿಂದಿನ ಸರ್ಕ್ಯೂಟ್‌ಗೆ ಇನ್ನು ಬಾಡಿ ಅರ್ತ್ ಹಾದಿಯೇ ಇಲ್ಲ. ಫ್ಯೂಸ್ ಎರಡು ತುದಿಯಲ್ಲೂ, ಯಾಕೆಂದರೆ ಎರಡು ತುದಿಯಲ್ಲೂ ಬ್ಯಾಟರಿ ಇದೆ. ಇದನ್ನು ಬಿಟ್ಟವರ ಗಾಡಿಯಲ್ಲಿ ನಾನು ಮಲಗುವುದಿಲ್ಲ. ಸುತ್ತಿಗೆಯಲ್ಲಿ ಲಗ್ ಬಡಿಯುವ ಪದ್ಧತಿ ಬಿಟ್ಟು, ಅದನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪರ್ ತಂದೆ, ಸುಮಾರು ಮೂರು ಸಾವಿರ. ಎರಡು ಬ್ಯಾಟರಿ ಜೋಡಿಸುತ್ತಿದ್ದ ರಿಲೇ ಕಿತ್ತೆಸೆದು, ಹಿಂಬದಿ ಬ್ಯಾಟರಿ ಪಕ್ಕದಲ್ಲೇ 20 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ಮುಂದಿನಿಂದ ಬರುವ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸಿ, ಕರೆಂಟಿಗೆ ಮಿತಿ ಹಾಕುವ ಪೆಟ್ಟಿಗೆ) ಕೂರಿಸಿದೆ. ಅದು 14 ಸಾವಿರದ ಹತ್ತಿರ ಆಯಿತು. ಕೀಲುಗಳಿಗೆ ಉಪ್ಪು ಹತ್ತದ ಹಾಗೆ ಏನು ಹಚ್ಚುತ್ತೇನೆ, ಯಾವ ಕ್ರಮದಲ್ಲಿ ಹಚ್ಚುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಮಳೆಗಾಲ ದಾಟಿದೆ, ಹಸಿರು ಕಿಲುಬು ಎಲ್ಲೂ ಬಂದಿಲ್ಲ.

ಕೆಲಸ ಮುಗಿದ ಮೇಲೆ ಅದೇ ಬಲ್ಬ್, ಅದೇ ಲೋಡ್. ಸಾಕೆಟ್‌ವರೆಗೆ ಒಟ್ಟು ಡ್ರಾಪ್ 0.2 ಒಳಗೆ. ಎಲೆಕ್ಟ್ರಿಷಿಯನ್ ಬಂದು ತಮ್ಮ ಮೀಟರ್‌ನಲ್ಲೇ ನೋಡಿದರು, ಎರಡು ಸಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಮನೆ ಮೇಲೆ ಹಾಕುವ 330 ವಾಟಿನ ಸೋಲಾರ್ ಪ್ಯಾನೆಲ್ ಒಂದು ಅಗ್ಗಕ್ಕೆ ಸಿಕ್ಕಿತ್ತು. ಇದ್ದ ಪಿಡಬ್ಲ್ಯುಎಂ ಕಂಟ್ರೋಲರ್‌ಗೆ (ಸೋಲಾರ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಸಾದಾ ಪೆಟ್ಟಿಗೆ) ಹಾಕಿದರೆ ನೆತ್ತಿ ಮೇಲೆ ಬಿಸಿಲಿದ್ದರೂ ಎಂಟೂವರೆ ಆಂಪ್ ದಾಟಲಿಲ್ಲ. ಆ ಪ್ಯಾನೆಲ್ ಕೆಲಸ ಮಾಡುವುದು 37 ವೋಲ್ಟ್ ಹತ್ತಿರ, ಪಿಡಬ್ಲ್ಯುಎಂ ಅದನ್ನು 13ಕ್ಕೆ ಎಳೆದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಹೆಚ್ಚಿನ ವೋಲ್ಟನ್ನು ಆಂಪ್‌ಗೆ ಬದಲಿಸುವ ಎಂಪಿಪಿಟಿ ಕಂಟ್ರೋಲರ್ ಹಾಕಿದ ಮೇಲೆ ಅದೇ ಬಿಸಿಲಿಗೆ 19-20 ಆಂಪ್. ಹೊಸ ಪ್ಯಾನೆಲ್ ಕೊಳ್ಳುವ ಮೊದಲು ಕಂಟ್ರೋಲರ್ ನೋಡಿ.

ಗೆಳೆಯರ 100 ಎಎಚ್ ಲಿಥಿಯಂ ತಂದು, ಡಿಸಿ-ಡಿಸಿ ಇಲ್ಲದೆ ನೇರ ಹೊಸ ಕೇಬಲ್‌ಗೂ ಕಟ್ಟಿ ನೋಡಿದೆ. ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 60 ಆಂಪ್ ದಾಟಿತು, ಬೆಲ್ಟ್ ಕೀಚಲು ದನಿ ಶುರು ಮಾಡಿತು, ಸ್ವಲ್ಪ ಹೊತ್ತಿಗೆ ಡೈನಮೋ ವಾಸನೆ. ತಕ್ಷಣ ಬಿಚ್ಚಿದೆ. ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ, ಕಡಿವಾಣಕ್ಕೆ ಡಿಸಿ-ಡಿಸಿ ಬೇಕೇ ಬೇಕು.

ಸುಮ್ನೆ ನಿಂತಾಗಿನ ಸೋರಿಕೆಯನ್ನೂ ಹಿಡಿದೆ. ಫ್ಯೂಸ್ ಕೀಳಬೇಡಿ. ಬ್ಲೇಡ್ ಫ್ಯೂಸಿನ ಬೆನ್ನಿನ ಎರಡು ಚುಕ್ಕೆಗಳಿಗೆ ಮಿಲಿವೋಲ್ಟ್‌ನಲ್ಲಿ ಮೀಟರ್ ಹಿಡಿಯಿರಿ. ಸೊನ್ನೆ ಬರದಿದ್ದರೆ ಅಲ್ಲಿ ಕರೆಂಟ್ ಹರಿಯುತ್ತಿದೆ ಅಂತಲೇ. ನನ್ನಲ್ಲಿ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಒಂದು ಆಂಪ್ ಹತ್ತಿರ ಕುಡಿಯುತ್ತಿತ್ತು. ದಿನಕ್ಕೆ 24 ಎಎಚ್, ಬ್ಯಾಟರಿಯ ಕಾಲು ಭಾಗ. ಅದಕ್ಕೊಂದು ಬೇರೆ ಸ್ವಿಚ್ ಹಾಕಿದೆ.

ಕ್ಲ್ಯಾಂಪ್ ಮೀಟರ್, ಫ್ಯೂಸ್, ಕೊಳವೆ ಎಲ್ಲಾ ಸೇರಿ 28 ಸಾವಿರದ ಆಸುಪಾಸು ಆಗಿರಬೇಕು. ಇದರಲ್ಲಿ ಸೋಲಾರ್ ಇಲ್ಲ. ಲಿಥಿಯಂಗೆ ಫಿಟ್ಟಿಂಗ್ ಸೇರಿ ನನಗೆ ಬಂದ ಕೊಟೇಶನ್ 60 ದಾಟಿತ್ತು, ಅದರಲ್ಲಿ ಹಳೇ ಕೇಬಲ್, ಹಳೇ ಬೋಲ್ಟ್ ಹಾಗೇ ಉಳಿಯುತ್ತಿದ್ದವು. ಈ ಎಜಿಎಂ ನಿಜವಾಗಿ ಮುಗಿದ ದಿನ ಲಿಥಿಯಂ ಹಾಕುತ್ತೇನೆ. ಕೇಬಲ್, ಫ್ಯೂಸ್ ರೆಡಿ ಇವೆ, ಡಿಸಿ-ಡಿಸಿಯಲ್ಲಿ ಬ್ಯಾಟರಿ ಬಗೆ ಬದಲಿಸಿದರೆ ಮುಗಿಯಿತು.