ಕಂಪನಿ ಎದ್ದು ಕೂತಿತು, ಮೀಟರ್ ಮಾತ್ರ ನಿಲ್ಲಲಿಲ್ಲ

ಮೊನ್ನೆ ಪುಣೆ ಪಕ್ಕದ ಚಿಂಚವಾಡದಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಗದಗದ ಕಡೆಯವನು, ಅಚ್ಚು (ಡೈ) ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಇಟ್ಟುಕೊಂಡಿದ್ದಾನೆ. ಬ್ಯಾಂಕಿನಲ್ಲಿ ಖಾತೆ ತಡೆದಿದ್ದಾರೆ. ಸರ್ಕಾರದ ಕಂಪನಿ ಪೋರ್ಟಲ್‌ನಲ್ಲಿ ನೋಡಿದರೆ ಕಂಪನಿ ಹೆಸರಿನ ಮುಂದೆ ‘ಸ್ಟ್ರೈಕ್ ಆಫ್’, ಅಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದಾರೆ. “ಅಣ್ಣಾ, ಜಿಎಸ್‌ಟಿ ಕಟ್ಟೀನಿ, ಇನ್‌ಕಮ್ ಟ್ಯಾಕ್ಸ್ ಕಟ್ಟೀನಿ, ಗುಮಾಸ್ತಾನೂ ಐತಿ, ಮತ್ತ ಇದೇನು?” ಅಂದ. ಕೆಲವು ವರ್ಷದ ಹಿಂದೆ ನಾನು ನನ್ನ ಸಿಎ ಎದುರು ಕೂತು ಹೇಳಿದ್ದೂ ಇದೇ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಈ ‘ಗುಮಾಸ್ತಾ’ ಅನ್ನೋ ಪದವೇ ನಮ್ಮವರನ್ನು ಅರ್ಧ ಕೆಡಿಸುತ್ತದೆ. ನಮ್ಮಲ್ಲಿ ಗುಮಾಸ್ತ ಅಂದರೆ ಕ್ಲಾರ್ಕು. ಇಲ್ಲಿ ಅಂಗಡಿ ಲೈಸೆನ್ಸು. ಅದನ್ನು ಫ್ರೇಮ್ ಹಾಕಿ ಗಣಪತಿ ಪಕ್ಕ ತೂಗುಹಾಕಿ, ವರ್ಷಕ್ಕೆ 2,500 ರೂಪಾಯಿ ಪ್ರೊಫೆಷನ್ ಟ್ಯಾಕ್ಸ್ ಕಟ್ಟಿಬಿಟ್ಟರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತೇವೆ. ಅವು ಮಹಾರಾಷ್ಟ್ರದ ಕಾಗದಗಳು. ಕಂಪನಿ ಹುಟ್ಟಿದ್ದು ಕೇಂದ್ರದ ಕಾನೂನಿನಲ್ಲಿ, ಅದರ ಹಾಜರಿ ಪುಸ್ತಕ ಇರುವುದು ಕಂಪನಿ ರಿಜಿಸ್ಟ್ರಾರ್ ಹತ್ತಿರ, ಅಂದರೆ ಆರ್‌ಒಸಿಯಲ್ಲಿ. ವರ್ಷಕ್ಕೆ ಎರಡು ಫಾರ್ಮ್ ಹೋಗಬೇಕು: ಲೆಕ್ಕಪತ್ರಕ್ಕೆ ಎಒಸಿ-4, ವಾರ್ಷಿಕ ವರದಿಗೆ ಎಂಜಿಟಿ-7 (ಸಣ್ಣ ಕಂಪನಿಗಾದರೆ ಎಂಜಿಟಿ-7ಎ). ಎರಡು ವರ್ಷ ವ್ಯವಹಾರವೇ ನಡೆದಿಲ್ಲ ಅಂತ ಅವರಿಗೆ ಅನಿಸಿದರೆ 2013ರ ಕಂಪನಿ ಕಾಯ್ದೆಯ 248ನೇ ಸೆಕ್ಷನ್ ಕೆಳಗೆ ಹೆಸರು ಹೊಡೆದುಹಾಕುತ್ತಾರೆ. ಫಾರ್ಮೇ ಬರದಿದ್ದರೆ ಅವರಿಗೆ ಹಾಗೆ ಅನಿಸದೆ ಇನ್ನೇನು?

ನೋಟಿಸ್ ಕಳಿಸುತ್ತಾರೆ, ಇಲ್ಲ ಅಂತಲ್ಲ. ಎಸ್‌ಟಿಕೆ-1 ಅಂತ ಅದರ ಹೆಸರು, ಉತ್ತರಕ್ಕೆ 30 ದಿನ ಟೈಮ್. ನನ್ನದು ಭೋಸರಿಯ ಹಳೇ ಗಾಳಾಕ್ಕೆ, ಅಂದರೆ ಹಳೇ ವರ್ಕ್‌ಶಾಪ್ ಶೆಡ್ಡಿಗೆ ಹೋಗಿತ್ತು. ನಾನು ಆಗಲೇ ಚಾಕಣಕ್ಕೆ ಹೋಗಿಯಾಗಿತ್ತು, ವಿಳಾಸ ಬದಲಾದದ್ದನ್ನು ಐಎನ್‌ಸಿ-22 ಹಾಕಿ ತಿಳಿಸಿರಲಿಲ್ಲ. ಪೋರ್ಟಲ್‌ನಲ್ಲಿ ಇದ್ದ ಇಮೇಲ್ ನನ್ನ ಹಳೇ ಸಿಎಯದ್ದು, ಅವರು ವೃತ್ತಿ ಬಿಟ್ಟು ಎರಡು ವರ್ಷ ಆಗಿತ್ತು. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನ ಮಾಲೀಕ ಪಾಪ, ಆ ಲಕೋಟೆ ಇಟ್ಟುಕೊಂಡಿದ್ದ. ನಾನು ಹೋಗಿ ಕೇಳಿದಾಗ ಡ್ರಾಯರಿನಿಂದ ತೆಗೆದು ಕೊಟ್ಟ. ಮೇಲೆ ಚಹಾ ಗ್ಲಾಸಿನ ದುಂಡನೆ ಕಲೆ ಇತ್ತು, ಒಳಗಿನ ತಾರೀಕು ಎಂಟು ತಿಂಗಳು ಹಳೆಯದು.

ಸರಿ, ಹೆಸರು ಹೋಯಿತು. ವಾಪಸ್ ತರುವ ದಾರಿ 252ನೇ ಸೆಕ್ಷನ್. ಆರ್‌ಒಸಿಗೆ ಹೋಗಿ ಕೈಮುಗಿದರೆ ಆಗುವುದಿಲ್ಲ, ಕಂಪನಿ ಕೇಸುಗಳನ್ನು ನೋಡುವ ಎನ್‌ಸಿಎಲ್‌ಟಿ ಅನ್ನುವ ಟ್ರಿಬ್ಯುನಲ್‌ಗೇ ಹೋಗಬೇಕು. ಆರ್‌ಒಸಿ ಆದೇಶದಿಂದ ತೊಂದರೆಯಾದವರು ಯಾರೇ ಆದರೂ 3 ವರ್ಷದೊಳಗೆ ಅಪೀಲು ಹಾಕಬಹುದು. ಕಂಪನಿ, ಷೇರುದಾರರು, ಸಾಲ ಕೊಟ್ಟವರು, ಕೆಲಸಗಾರರಿಗೆ 20 ವರ್ಷದವರೆಗೆ ಅವಕಾಶ ಇದೆ. ಈ 20 ಅನ್ನೋ ಅಂಕಿ ನೋಡಿ ಕಾಲು ಚಾಚಿ ಕೂರಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಬೆಂಗಳೂರಿನವರು ಪುಣ್ಯವಂತರು. ಆರ್‌ಒಸಿ, ಟ್ರಿಬ್ಯುನಲ್ ಎರಡೂ ಒಂದೇ ಊರಲ್ಲಿ. ಪುಣೆಯವರಿಗೆ ಆರ್‌ಒಸಿ ಆಕುರ್ಡಿ ಸ್ಟೇಷನ್ ಹತ್ತಿರ, ಟ್ರಿಬ್ಯುನಲ್ ಮುಂಬೈನ ಕಫ್ ಪರೇಡ್‌ನಲ್ಲಿ. ಗೋವಾದವರಿಗೆ ಆರ್‌ಒಸಿ ಪಣಜಿಯ ಪಾಟೋದಲ್ಲಿ, ಟ್ರಿಬ್ಯುನಲ್‌ಗೆ ಅವರೂ ಮುಂಬೈಗೇ. ಇದರಲ್ಲೂ ಒಂದು ಎಡವಟ್ಟಿದೆ. ನಮ್ಮವರು ಸುಮಾರು ಜನ ಕಂಪನಿಯನ್ನು ಹುಬ್ಬಳ್ಳಿಯ ಅಪ್ಪನ ಮನೆ ವಿಳಾಸದಲ್ಲಿ ರಿಜಿಸ್ಟರ್ ಮಾಡಿಸಿ ಪುಣೆಯಲ್ಲಿ ದಂಧೆ ಮಾಡುತ್ತಾರೆ. ಆಗ ನೀವು ಎಲ್ಲೇ ಇರಿ, ನಿಮ್ಮ ಟ್ರಿಬ್ಯುನಲ್ ಬೆಂಗಳೂರೇ. ಮುಂಬೈ ವಕೀಲರಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ನೋಡಿಕೊಳ್ಳಿ.

ಅರ್ಜಿ ಎನ್‌ಸಿಎಲ್‌ಟಿ-9 ಅನ್ನೋ ಫಾರ್ಮಿನಲ್ಲಿ. ಅದರ ಪ್ರತಿ ವಿಚಾರಣೆಗೆ ಕನಿಷ್ಠ 14 ದಿನ ಮೊದಲೇ ಆರ್‌ಒಸಿಗೆ ಮುಟ್ಟಿರಬೇಕು. ಟ್ರಿಬ್ಯುನಲ್ ಮುಖ್ಯವಾಗಿ ಕೇಳುವುದು ಒಂದೇ: ಹೆಸರು ಹೊಡೆದಾಗ ಕಂಪನಿ ನಿಜಕ್ಕೂ ನಡೆಯುತ್ತಿತ್ತಾ? ಇಲ್ಲಿ ಆ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕಾಗದಗಳು ಕೆಲಸಕ್ಕೆ ಬರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಂಟ್ ಬಿಲ್, ಸಂಬಳ ಕೊಟ್ಟ ದಾಖಲೆ, ಗಿರಾಕಿಗಳ ಪರ್ಚೇಸ್ ಆರ್ಡರ್ ಎಲ್ಲ ಜೋಡಿಸಿ. ನಾನು ಬೆಳಿಗ್ಗೆ ಡೆಕ್ಕನ್ ಕ್ವೀನ್ ಹತ್ತಿ ಹೋಗಿ, ನಾಲ್ಕು ಗಂಟೆ ಕಾದು, ಎರಡು ನಿಮಿಷದ ವಿಚಾರಣೆ ನೋಡಿ ಬಂದೆ. ಬಾಕಿ ಫಾರ್ಮ್ ತುಂಬಿ, ದಂಡ ಕಟ್ಟಿದರೆ ನಮ್ಮ ತಕರಾರಿಲ್ಲ ಅಂತ ಆರ್‌ಒಸಿ ಕಡೆಯವರು ಹೇಳಿದರು. ಮುಗೀತು.

ಮುಗೀತು ಅಂತ ಅಂದುಕೊಂಡೆ. ನನ್ನ ದುಡ್ಡು ಹೋದದ್ದು ಇಲ್ಲಿ.

ಆರ್ಡರ್ ಪಾಸಾಯಿತು ಅಂತ ವಕೀಲರು ಫೋನ್ ಮಾಡಿದರು. ಮನೆಯಲ್ಲಿ ಪಾಯಸ ಮಾಡಿಸಿದೆ. ಟ್ರಿಬ್ಯುನಲ್‌ನಿಂದ ಆರ್‌ಒಸಿಗೆ ಆರ್ಡರ್ ತಾನಾಗಿಯೇ ಹೋಗುತ್ತದೆ, ಅವರು ಪೋರ್ಟಲ್‌ನಲ್ಲಿ ಬದಲಿಸುತ್ತಾರೆ ಅಂತ ಸುಮ್ನೆ ಕೂತೆ. ಯಾರೂ ಏನೂ ಬದಲಿಸಲಿಲ್ಲ. ಸರ್ಟಿಫೈಡ್ ಕಾಪಿಯನ್ನು ನಾವೇ ತರಬೇಕು, ಐಎನ್‌ಸಿ-28 ಜೊತೆ 30 ದಿನದೊಳಗೆ ನಾವೇ ಹಾಕಬೇಕು. ಆಮೇಲೆ ಕಂಪನಿ ಪೋರ್ಟಲ್‌ನಲ್ಲಿ ಜೀವಂತ ಆಗುತ್ತದೆ, ಆಮೇಲೆ ಬಾಕಿ ಫಾರ್ಮ್ ಹಾಕಲು ಬಾಗಿಲು ತೆರೆಯುತ್ತದೆ. ನನಗೆ ಇದು ಗೊತ್ತಾಗುವ ಹೊತ್ತಿಗೆ 130 ದಿನ ಕಳೆದಿತ್ತು.

ಈಗ ಲೆಕ್ಕ ನೋಡಿ. 2018ರ ಜುಲೈ 1ರಿಂದ ಎಒಸಿ-4ಕ್ಕೂ ಎಂಜಿಟಿ-7ಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿ, ಒಂದೊಂದು ಫಾರ್ಮಿಗೆ. ನನ್ನ ಬಾಕಿ ಎರಡು ವರ್ಷದ್ದು, ಅಂದರೆ ನಾಲ್ಕು ಫಾರ್ಮು, ದಿನಕ್ಕೆ 400. ಪಾಯಸ ತಿಂದು ಕೂತ 130 ದಿನಕ್ಕೇ 52,000 ರೂಪಾಯಿ. ಇದು ಬರೀ ಕೊನೆಯ ತುಂಡು. ಮೀಟರ್ ಶುರುವಾಗುವುದು ಆರ್ಡರ್ ಬಂದ ದಿನದಿಂದಲ್ಲ, ಫಾರ್ಮ್ ಹಾಕಬೇಕಿದ್ದ ಮೂಲ ದಿನದಿಂದ. ನಡುವೆ ಕಂಪನಿ ‘ಸತ್ತಿದ್ದಾಗ’ ಪೋರ್ಟಲ್ ನಮ್ಮ ಫಾರ್ಮನ್ನೇ ತೆಗೆದುಕೊಳ್ಳುವುದಿಲ್ಲ, ಆದರೂ ಮೀಟರ್ ಓಡುತ್ತಿರುತ್ತದೆ. 20 ವರ್ಷ ಇದೆ ಅಂತ ಕೂರಬೇಡಿ ಅಂದದ್ದು ಇದಕ್ಕೇ. ಪುಣೆ ರಿಕ್ಷಾದವರು ಮೀಟರ್ ಹಾಕಲ್ಲ ಅಂತ ಬೈತೀವಲ್ಲ, ಈ ಮೀಟರ್ ನೋಡಿದ ಮೇಲೆ ನನಗೆ ಅವರ ಮೇಲೆ ಸಿಟ್ಟೇ ಬರುವುದಿಲ್ಲ.

ಲಂಡನ್ನಿನಲ್ಲಿರುವ ನನ್ನ ಭಾವಮೈದುನನ ಕಂಪನಿಗೂ ಹೀಗೇ ಆಗಿತ್ತು. ಅಲ್ಲಿ ರಿಜಿಸ್ಟ್ರಾರ್ ತಾವಾಗಿ ಹೆಸರು ತೆಗೆದಿದ್ದರೆ, 6 ವರ್ಷದೊಳಗೆ ಅವರಿಗೇ ಒಂದು ಫಾರ್ಮ್ ಕೊಟ್ಟು ವಾಪಸ್ ತರಬಹುದು, ಕೋರ್ಟು ಬೇಡ. ಅದೇ ಸರಿ ಅಂತ ನನ್ನ ಅಭಿಪ್ರಾಯ. ಎರಡು ಫಾರ್ಮ್ ಮರೆತ ಸಣ್ಣ ವರ್ಕ್‌ಶಾಪಿನವನನ್ನು ಟ್ರಿಬ್ಯುನಲ್ ಮುಂದೆ ನಿಲ್ಲಿಸುವುದರಲ್ಲಿ ಯಾರಿಗೇನು ಲಾಭ?

ಅದಕ್ಕೆ ಹೇಳುವುದು, ಅರ್ಜಿ ಹಾಕುವ ದಿನವೇ ಬಾಕಿ ವರ್ಷಗಳ ಆಡಿಟ್ ಶುರುಮಾಡಿಸಿ. ಆರ್ಡರ್ ಬಂದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ. ಎಂಟು ದಿನಕ್ಕೊಮ್ಮೆ ವಕೀಲರನ್ನು ಕಾಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಕಂಪನಿ ಬೇಡವೇ ಬೇಡ ಅನಿಸಿದ್ದರೆ ಅವರು ಹೊಡೆಯುವವರೆಗೆ ಕಾಯಬೇಡಿ, ಎಸ್‌ಟಿಕೆ-2 ಹಾಕಿ 10,000 ರೂಪಾಯಿ ಕಟ್ಟಿ ಮರ್ಯಾದೆಯಿಂದ ಮುಚ್ಚಿ.

ಚಿಂಚವಾಡದ ಹುಡುಗನದು ಸತತ ಮೂರು ವರ್ಷದ ಬಾಕಿ. ಅಲ್ಲಿ ಇನ್ನೊಂದು ಕುತ್ತಿದೆ. ಮೂರು ವರ್ಷ ಸತತ ಬಿಟ್ಟರೆ 164ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್‌ಗಳು 5 ವರ್ಷ ಅನರ್ಹರು, ಕಂಪನಿ ಎದ್ದ ಮಾತ್ರಕ್ಕೆ ಅದು ತಾನಾಗಿ ಹೋಗುವುದಿಲ್ಲ. ಅವನು ಕೊಲ್ಹಾಪುರದಲ್ಲಿ ಮಾವನ ಕಂಪನಿಯಲ್ಲೂ ಡೈರೆಕ್ಟರ್ ಅಂತೆ, ಆ ಕುರ್ಚಿಗೂ ಇದರಿಂದ ಸಂಚಕಾರ. ಇದನ್ನು ಹೇಳಿದಾಗ ಅವನಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಹೋಟೆಲ್ ಬಿಲ್ಲಿನ ಹಿಂದೆ ಬರೆದು ತೋರಿಸಿದೆ: ಆರು ಫಾರ್ಮು, ದಿನಕ್ಕೆ 600. ಇವತ್ತಿನದೂ ಸೇರಿ. ಅರ್ಧ ಚಹಾ ಬಿಟ್ಟು ಆಡಿಟರ್‌ಗೆ ಫೋನ್ ಹಚ್ಚಿದ.