ಮೊದಲ ಕಾರು ನೋಡಲು ಹೋಗುವಾಗ ಸೈಕಲ್ ಜೊತೆಗಿರಲಿ

ಅಕ್ಕನ ಮಗನಿಗೆ ಇಪ್ಪತ್ಮೂರು ವರ್ಷ. ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಆಫೀಸಿಗೆ ಹೋಗುವುದು ಸೈಕಲ್ ಮೇಲೆ. ಭಾನುವಾರ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗುವುದೂ ಸೈಕಲ್ ಮೇಲೆ. ಎರಡು ವಾರಕ್ಕೊಮ್ಮೆ ಊರಿಗೆ ಬರುವಾಗ ಮಾತ್ರ ಪೇಚಾಟ. ಬಸ್ಸಿನಲ್ಲಿ ಸೈಕಲ್ ತರುವುದೆಂದರೆ ಪ್ರತಿ ಸಲ ಕಂಡಕ್ಟರ್ ಜೊತೆ ಒಂದು ಪಂಚಾಯ್ತಿ. ಕಡೆಗೆ ಒಂದು ದಿನ ಫೋನ್ ಮಾಡಿ, "ಮಾವ, ಒಂದು ಕಾರು ನೋಡೋಣ, ಮೂರೂವರೆ ಲಕ್ಷದೊಳಗೆ" ಅಂದ. ಯಾವುದು ಅಂತ ಕೇಳಿದರೆ ಅವನು ಹೇಳಿದ ಮೊದಲ ಹೆಸರು ಹತ್ತು ಲಕ್ಷದ್ದು. ಎರಡನೆಯದು ಅವನಿಗಿಂತ ನಾಲ್ಕೇ ವರ್ಷ ಚಿಕ್ಕದು!

ಎರಡು ತಿಂಗಳು ಅವನ ಜೊತೆ ತಿರುಗಿದೆ. ಸೈಕಲ್ ಹೊಡೆಯುವವನಿಗೆ ಬೇಕಾದ ಕಾರೇ ಬೇರೆ ಅಂತ ಆಗ ಗೊತ್ತಾಯಿತು. ಉಳಿದವರ ಕಾರು ದಿನಾ ಓಡುತ್ತದೆ. ಇವನದು ವಾರವಿಡೀ ಸುಮ್ನೆ ನಿಂತಿರುತ್ತದೆ. ಹೊರಟ ದಿನ ಮಾತ್ರ ಘಟ್ಟ ಹತ್ತಬೇಕು, ಹೊಟ್ಟೆಯೊಳಗೆ ಒಂದು ಸೈಕಲ್ ಹಿಡಿಸಬೇಕು. ನಾವು ಹುಡುಕಿದ್ದು ಇದೇ ಲೆಕ್ಕದಲ್ಲಿ.

ಎಷ್ಟು ಓಡುತ್ತದೆ ಅಂತ ಮೊದಲು ಬರೆಯಿರಿ

ಕಾರವಾರದಿಂದ ಶಿರಸಿಗೆ ಸುಮಾರು 120 ಕಿ.ಮೀ. ತಿಂಗಳಿಗೆ ಎರಡು ಸಲ ಹೋಗಿ ಬಂದರೆ 480. ಅಲ್ಲಿ ಇಲ್ಲಿ ಸೇರಿಸಿದರೂ ವರ್ಷಕ್ಕೆ ಏಳು ಸಾವಿರ ದಾಟುವುದಿಲ್ಲ. ಇಷ್ಟು ಕಡಿಮೆ ಓಡಿಸುವವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಗಾಡಿ ಆಗಾಗ ದೂರ ಓಡಿ ಚೆನ್ನಾಗಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ಪೇಟೆಯೊಳಗೆ ಎರಡು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಬಿಲ್ ನೋಡಿದರೆ ಮೈಲೇಜ್‌ನಲ್ಲಿ ಉಳಿಸಿದ್ದೆಲ್ಲ ಮರೆತು ಹೋಗುತ್ತದೆ.

ಸಿಎನ್‌ಜಿ ಅಗ್ಗವೇನೋ ಹೌದು. ಆದರೆ ಸಣ್ಣ ಕಾರಿನಲ್ಲಿ ಅದರ ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ, ಅಂದರೆ ನಿಮ್ಮ ಸೈಕಲ್ ಜಾಗದಲ್ಲಿ. ಬ್ಯಾಟರಿ ಕಾರು ಈ ಬಜೆಟ್‌ಗೆ ಸಿಗುವುದು ಕಷ್ಟ. ಕೊನೆಗೆ ಉಳಿಯುವುದು ಪೆಟ್ರೋಲ್.

ಹೊಸದೋ ಹಳೆಯದೋ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಾಗಾಗಿ ಹೊಸದೇ ತಗೊಳ್ಳೋಣ ಅಂತ ಆಸೆ ಹುಟ್ಟುವುದು ಸಹಜ. ಆದರೆ ಶೋರೂಮ್ ಬೋರ್ಡಿನ ಬೆಲೆಯ ಮೇಲೆ ಕರ್ನಾಟಕದ ಆಜೀವ ತೆರಿಗೆ ಬೀಳುತ್ತದೆ, ವಿಮೆ ಬೀಳುತ್ತದೆ. ಮೂರೂವರೆ ಲಕ್ಷ ಇಟ್ಟುಕೊಂಡು ಹೋದರೆ ಉಳಿದದ್ದಕ್ಕೆ ಸಾಲ. ಮೊದಲ ಕಾರಿಗೆ ಹೇಗೂ ಎರಡು ಗೀರು, ಒಂದು ಗುದ್ದು ಗ್ಯಾರಂಟಿ. ಅದು ಹಳೆಯ ಕಾರಿಗೇ ಬೀಳಲಿ ಅನ್ನುವುದು ನನ್ನ ಪಕ್ಷ.

ಹಳೆಯದು ಅಂದರೆ ಎಷ್ಟು ಹಳೆಯದು? 2019ರ ಜುಲೈ ನಂತರ ತಯಾರಾದ ಕಾರಿಗೆ ಚಾಲಕನ ಏರ್‌ಬ್ಯಾಗ್, ಜೋರಾಗಿ ಒತ್ತಿದರೂ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿ ಇರುತ್ತವೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದಿದ್ದು 2022ರಿಂದ. 2019ಕ್ಕಿಂತ ಹಿಂದಿನ ಅಗ್ಗದ ಮಾಡೆಲ್‌ಗಳಲ್ಲಿ ಇವೆಲ್ಲ ಇಲ್ಲದಿರುವುದೇ ಜಾಸ್ತಿ. ಹೊಸ ಚಾಲಕನಿಗೆ, ಅದೂ ಆರು ತಿಂಗಳು ಒದ್ದೆಯಾಗಿರುವ ನಮ್ಮ ರಸ್ತೆಗಳಲ್ಲಿ, ಎಬಿಎಸ್ ಇಲ್ಲದ ಕಾರು ಬೇಡವೇ ಬೇಡ. ಆರ್‌ಸಿಯಲ್ಲಿ ತಯಾರಾದ ತಿಂಗಳು ಇರುತ್ತದೆ. ನೋಂದಣಿ ದಿನಾಂಕ ಬಿಟ್ಟು ಅದನ್ನು ನೋಡಿ.

ಇನ್ನೊಂದು ಮಾತು. ಮೂರೂವರೆ ಲಕ್ಷ ಇದ್ದರೆ ಕಾರಿಗೆ ಎರಡು ತೊಂಬತ್ತರ ಮೇಲೆ ಹೋಗಬೇಡಿ. ಉಳಿದ ಅರವತ್ತು ಸಾವಿರ ಟೈರ್, ಬ್ಯಾಟರಿ, ವಿಮೆ, ಹೆಸರು ಬದಲಾವಣೆ, ಮೊದಲ ಸರ್ವಿಸ್ ಅಂತ ಮೂರೇ ತಿಂಗಳಲ್ಲಿ ಖರ್ಚಾಗುತ್ತದೆ. ನಮ್ಮವನು ಇದನ್ನು ನಂಬಲಿಲ್ಲ. ಈಗ ನಂಬುತ್ತಾನೆ.

ಟೇಪು, ಸೈಕಲ್, ಒಂದು ಹಳೆ ಬೆಡ್‌ಶೀಟ್

ಡಿಕ್ಕಿ ಎಷ್ಟು ಲೀಟರ್ ಅಂತ ಜಾಹೀರಾತು ಹೇಳುತ್ತದೆ. ಸೈಕಲ್ ಏನು ನೀರೇ, ಲೀಟರ್‌ನಲ್ಲಿ ಅಳೆಯೋಕೆ? ಬೇಕಾದ್ದು ಸೆಂಟಿಮೀಟರ್.

ಸಾಮಾನ್ಯ ಸೈಕಲ್ ಸುಮಾರು 175 ಸೆಂ.ಮೀ. ಉದ್ದ. ಮುಂದಿನ ಚಕ್ರ ಬಿಚ್ಚಿದರೆ 140ರ ಆಸುಪಾಸು. ಎರಡೂ ಬಿಚ್ಚಿದರೆ ಇನ್ನೂ ಒಂದಡಿ ಕಡಿಮೆ. ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್ ಆದರೆ ಹ್ಯಾಂಡಲ್ ಅಗಲ 70 ಸೆಂ.ಮೀ. ದಾಟುತ್ತದೆ, ರೋಡ್ ಬೈಕ್ ಅನ್ನುವ ತೆಳು ಟೈರಿನ ಸೈಕಲ್ಲಿನದು 42ರ ಹತ್ತಿರ. ನಿಮ್ಮ ಸೈಕಲ್ಲನ್ನು ನೀವೇ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಕಾರಿನಲ್ಲಿ ಹಿಂದಿನ ಸೀಟು ಮಡಚಿ, ಮುಂದಿನ ಸೀಟಿನ ಬೆನ್ನಿನವರೆಗೆ ಅಳೆಯಿರಿ. ಡಿಕ್ಕಿ ಬಾಗಿಲಿನ ಬಾಯಿಯನ್ನೂ ಅಳೆಯಿರಿ. ಒಳಗೆ ಜಾಗವಿದ್ದು ಬಾಯಿ ಸಣ್ಣದಾದ ಕಾರುಗಳಿವೆ.

ಆಮೇಲೆ ಸೈಕಲ್ಲನ್ನೇ ಒಯ್ದು ತುಂಬಿಸಿ ನೋಡಿ. ಮಾರುವವರು ನಗುತ್ತಾರೆ, ನಗಲಿ. ಚೈನ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ, ಇಲ್ಲವಾದರೆ ಗೇರ್ ಬದಲಿಸುವ ಡಿರೇಲರ್ ಬಾಗುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಮೇಲೆ ಲಿವರ್ ಒತ್ತಬೇಡಿ. ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ರಟ್ಟಿನ ತುಂಡು ಮಡಚಿ ನಡುವೆ ತುರುಕಿದರೆ ಸಾಕು. ಬೆಡ್‌ಶೀಟ್ ಹಾಸುವುದು ಮರೆಯಬೇಡಿ. ಚೈನಿನ ಎಣ್ಣೆ ಸೀಟಿಗೆ ಹತ್ತಿದರೆ ಹೋಗುವುದಿಲ್ಲ.

ನಾವು ನೋಡಿದ ಆಲ್ಟೋದಲ್ಲಿ ಎರಡೂ ಚಕ್ರ ಬಿಚ್ಚಬೇಕಾಯಿತು. ಅದರ ಹಿಂದಿನ ಸೀಟು ಇಡಿಯಾಗಿ ಮಡಚುವಂಥದ್ದು, ಸೈಕಲ್ ಹಾಕಿದರೆ ಹಿಂದೆ ಯಾರೂ ಕೂರುವಂತಿಲ್ಲ. ಕ್ವಿಡ್ ನೆಲದಿಂದ 184 ಮಿ.ಮೀ. ಎತ್ತರ. ನಮ್ಮ ಹಳ್ಳಿಯ ಮಣ್ಣು ರಸ್ತೆಗೆ ಒಳ್ಳೆಯದು, ಡಿಕ್ಕಿಯೂ ದೊಡ್ಡದು. ವ್ಯಾಗನ್ಆರ್ ಅಂದ ಕೇಳಬೇಡಿ, ನಿಲ್ಲಿಸಿಟ್ಟ ಇಟ್ಟಿಗೆ. ಆದರೆ ಅದರ ಎತ್ತರ 1,675 ಮಿ.ಮೀ. ಹಿಂದಿನ ಸೀಟನ್ನು ಎರಡು ಭಾಗವಾಗಿ ಮಡಚುವ ವೇರಿಯಂಟ್ ಸಿಕ್ಕರೆ ಒಂದು ಬದಿಗೆ ಸೈಕಲ್, ಇನ್ನೊಂದು ಬದಿಗೆ ಅಮ್ಮ. ಟಿಯಾಗೊಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿತ್ತು. ಗಟ್ಟಿತನವೇ ಮುಖ್ಯ ಅನ್ನುವವರು ಅದನ್ನು ನೋಡಬಹುದು.

ಹಿಂಬದಿಗೆ ಪಟ್ಟಿಯಲ್ಲಿ ಕಟ್ಟುವ ಕ್ಯಾರಿಯರ್ ಸಾಲದೇ ಅಂತ ಕೇಳುತ್ತಾರೆ. ಅದರಲ್ಲಿ ಸೈಕಲ್ ನಂಬರ್ ಪ್ಲೇಟನ್ನೂ ಹಿಂದಿನ ದೀಪವನ್ನೂ ಮುಚ್ಚುತ್ತದೆ. ಪೊಲೀಸರು ಹಿಡಿದರೆ ತಪ್ಪು ನಮ್ಮದೇ. ಮಳೆಯಲ್ಲಿ ಹೈವೇ ರಾಡಿಯೆಲ್ಲ ಬೇರಿಂಗ್‌ಗೆ. ಟಾಪ್ ಮೇಲೆ ಹಾಕಿದರೆ ಗಾಳಿ ತಡೆದು ಮೈಲೇಜ್ ಇಳಿಯುತ್ತದೆ. ಮೇಲೆ ಸೈಕಲ್ ಇದೆ ಅನ್ನುವುದು ಗೇಟಿನ ಕಮಾನು ಬಂದಾಗಲೇ ನೆನಪಾಗುವುದು.

ಘಟ್ಟದ ಕೆಳಗಿನ ಕಾರು, ಘಟ್ಟದ ಮೇಲಿನ ಕಾರು

ಕರಾವಳಿಯಲ್ಲಿ ಓಡಿದ ಕಾರಿಗೆ ಮೇಲಿಂದ ಹೊಳಪು, ಕೆಳಗಿಂದ ತುಕ್ಕು. ಉಪ್ಪು ಗಾಳಿ ತಗಡನ್ನು ಬಿಡುವುದಿಲ್ಲ. ನಿಮ್ಮ ಸೈಕಲ್ ಚೈನ್ ಒಂದೇ ವಾರದಲ್ಲಿ ಕೆಂಪಾಗುವುದಿಲ್ವಾ, ಹಾಗೇ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಜಾಕ್ ಕೊಡುವ ಜಾಗ, ಸ್ಪ್ರಿಂಗ್ ಕೂರುವ ಬಟ್ಟಲು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ. ನಾವು ಕುಮಟಾದಲ್ಲಿ ಕಂಡ ಒಂದು ಕಾರಿಗೆ ಹೊರಗೆ ಒಂದು ಗೀರಿಲ್ಲ. ಮ್ಯಾಟ್ ಎತ್ತಿದರೆ ತಗಡು ಹಪ್ಪಳ. ಮೂಗಿಗೆ ಬಂದ ವಾಸನೆ ಉಳಿದ ಕಥೆ ಹೇಳಿತು. ವರ್ಷಗಟ್ಟಲೆ ಮೀನಿನ ಬುಟ್ಟಿಯ ಐಸ್ ನೀರು ಅಲ್ಲಿ ಸೋರಿತ್ತು. ಮೀನು ತಪ್ಪಲ್ಲ, ನನಗೂ ಬಂಗುಡೆ ಅಂದರೆ ಪ್ರಾಣ. ಆದರೆ ಆ ತಗಡಿನ ಮೇಲೆ ಸೈಕಲ್ ಇಡುವಂತಿರಲಿಲ್ಲ.

ನೆರೆ ನೀರಿನಲ್ಲಿ ನಿಂತ ಕಾರು ಇನ್ನೂ ಅಪಾಯ. 2019ರ ಆಗಸ್ಟ್‌ನಲ್ಲಿ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿತ್ತು. ಅಂಥ ಕಾರುಗಳು ತೊಳೆದು ಒರೆಸಿಕೊಂಡು ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ನಾನೇ ಒಮ್ಮೆ ಒಬ್ಬ ಬ್ರೋಕರ್ ಮಾತು ನಂಬಿ ಹೀಗೆ ಬಿದ್ದವನು. ಆರು ತಿಂಗಳಲ್ಲಿ ಪವರ್ ವಿಂಡೋ, ಹಾರ್ನ್, ಆಮೇಲೆ ಸ್ಟಾರ್ಟರ್, ಸಾಲಾಗಿ ಕೈ ಕೊಟ್ಟವು. ಪರೀಕ್ಷೆ ಸುಲಭ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆಯಿರಿ. ಹೊರಗಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದ್ದರೂ ಅನುಮಾನ ಪಡಿ.

ಘಟ್ಟದ ಮೇಲಿನ ಕಾರಿಗೆ ತುಕ್ಕು ಕಡಿಮೆ, ಕ್ಲಚ್ ಸವೆತ ಜಾಸ್ತಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಮುಗಿದಿದೆ ಅಂತಲೇ ಅರ್ಥ. ಸೈಕಲ್‌ನಲ್ಲಿ ಚೈನ್ ಹಲ್ಲು ಜಾರಿದ ಹಾಗೆ.

ಬೆಳಿಗ್ಗೆ ಹೋಗಿ, ಏರಿಗೆ ಒಯ್ಯಿರಿ

ಕಾರು ನೋಡಲು ಬೆಳಿಗ್ಗೆ ಬೇಗ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಳ್ಳಬೇಕು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಬರಿ ತಂಪು ಹವೆಯ ತೇವವೂ ಇರಬಹುದು, ಎಂಜಿನ್ ತಂಪು ಮಾಡುವ ಕೂಲಂಟ್ ಸೇರಿದ್ದೂ ಇರಬಹುದು.

ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿರುತ್ತದೆ. ಅಷ್ಟು ದುಡ್ಡು ಬೆಲೆಯಲ್ಲಿ ಇಳಿಸಿ ಅಂತ ಕೇಳಿ.

ಟೆಸ್ಟ್ ಡ್ರೈವ್ ಪೇಟೆಯ ಸಪಾಟು ರಸ್ತೆಯಲ್ಲಿ ಮಾಡಿ ಏನು ಉಪಯೋಗ? ಕಾರು ಘಟ್ಟದ ಕೆಳಗಿದ್ದರೆ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ, ಮಾಲೀಕರನ್ನು ಒಪ್ಪಿಸಿ ಒಯ್ಯಿರಿ. ಪಕ್ಕದಲ್ಲಿ ಪಳಗಿದ ಚಾಲಕ, ಒಳಗೆ ಮೂರು ಜನ, ಎಸಿ ಚಾಲೂ. ಹಳೆಯ 800 ಸಿಸಿ ಎಂಜಿನ್ ಇಷ್ಟರಲ್ಲೇ ಏದುಸಿರು ಬಿಡುತ್ತದೆ. ಒಂದು ಲೀಟರಿನದು ಸುಧಾರಿಸುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟು, ಎಂಜಿನ್ ಗಾಡಿಯನ್ನು ಹಿಡಿಯುತ್ತದೆಯೇ ನೋಡಿ. ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಯಾವತ್ತೂ ಬೇಡ. ಉದ್ದ ಇಳುಕಲಿನಲ್ಲಿ ಬ್ರೇಕ್ ಹಿಡಿದೇ ಇದ್ದರೆ ಡಿಸ್ಕ್ ಹೇಗೆ ಕಾಯುತ್ತದೆ ಅಂತ ಸೈಕಲ್ ಹೊಡೆಯುವವರಿಗೆ ಹೇಳಿಕೊಡಬೇಕಿಲ್ಲ.

ಹಾಗೇ ಡ್ರೈವರ್ ಸೀಟಿನಲ್ಲಿ ಕೂತು, ಗೆಳೆಯನಿಗೆ ಕಾರಿನ ಸುತ್ತ ನಿಧಾನ ಸೈಕಲ್ ಹೊಡೆಯಲು ಹೇಳಿ. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಅವನು ಎಷ್ಟು ಹೊತ್ತು ಮರೆಯಾಗುತ್ತಾನೆ ನೋಡಿ. ಕೆಲವು ಕಾರುಗಳಲ್ಲಿ ಪೂರ್ತಿ ಮಾಯ. ನಾವು ಒಂದು ಕಾರನ್ನು ಇದೇ ಕಾರಣಕ್ಕೆ ಬಿಟ್ಟೆವು.

ಕಾಗದ

ಕಾರವಾರದವರಿಗೆ ಗೋವಾದ ಜಿಎ ನಂಬರ್ ಕಾರು ಅಗ್ಗಕ್ಕೆ ಕಾಣುತ್ತದೆ. ಗಡಿ ಪಕ್ಕದಲ್ಲೇ ಇದೆಯಲ್ಲ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಗೋವಾದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಮತ್ತೆ ತೆರಿಗೆ. ಆ ತೆರಿಗೆ ಸೇರಿಸಿ ನೋಡಿದರೆ ಅಗ್ಗವೆಲ್ಲ ಕರಗುತ್ತದೆ. ಕಾರವಾರದ ಕೆಎ 30, ಶಿರಸಿಯ ಕೆಎ 31, ಹೊನ್ನಾವರದ ಕೆಎ 47, ಇವುಗಳಲ್ಲಿ ಹುಡುಕುವುದೇ ಸಲೀಸು.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಹಿಂದಿನ ಮಾಲೀಕರ ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರಂ 35, ಜೊತೆಗೆ ಬ್ಯಾಂಕಿನ ಪತ್ರ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಬಾಕಿ ದಂಡ ನೋಡಿಕೊಳ್ಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರು "ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ಇದೆ" ಅಂತ, ಅಂದರೆ ವಿಮೆ ಹಣ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿಯ ಆಸೆ ತೋರಿಸುತ್ತಾರೆ. ಅದು ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಕರಾವಳಿಯವರು ನೀರು ಹೊಕ್ಕು ಎಂಜಿನ್ ಕೆಟ್ಟರೆ ನೆರವಾಗುವ ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ರಕ್ಷಣೆ ಕೊಳ್ಳುವುದು ಒಳ್ಳೆಯದು. ನೀರಿನಲ್ಲಿ ಕಾರು ಬಂದ್ ಬಿದ್ದರೆ ಮತ್ತೆ ಕೀಲಿ ತಿರುಗಿಸಲೇಬೇಡಿ. ಎಳೆಸಿಕೊಂಡು ಹೋಗಿ.

ಲೈಸೆನ್ಸ್ ಇನ್ನೂ ಇಲ್ಲದವರು ಕಾರು ಹುಡುಕುವ ದಿನವೇ ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್) ಅರ್ಜಿ ಹಾಕಲಿ. ಅದು ಸಿಕ್ಕ 30 ದಿನದ ನಂತರವೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಕಲಿಯುವಾಗ ಒಂದು ಅಭ್ಯಾಸ ಮೊದಲ ದಿನದಿಂದ ಮಾಡಿಕೊಳ್ಳಿ. ಬಾಗಿಲು ತೆರೆಯುವಾಗ ಎಡಗೈ ಬಳಸಿ. ಆಗ ಮೈ ತಾನಾಗಿ ಹಿಂದೆ ತಿರುಗುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ. ತೆರೆದ ಬಾಗಿಲಿಗೆ ಗುದ್ದಿ ಬಿದ್ದವರಿಗೆ ಇದರ ಬೆಲೆ ಗೊತ್ತು.

ನಿಂತ ಕಾರಿನ ಆರೈಕೆ

ನಮ್ಮವನು ಕೊನೆಗೆ ತಗೊಂಡಿದ್ದು ಕೆಎ 31ರ ಒಂದು 2020ರ ವ್ಯಾಗನ್ಆರ್. ಬಿಳಿ ಬಣ್ಣ. ಘಟ್ಟದ ಮಂಜಿನಲ್ಲಿ ಬೂದು ಕಾರು ಕಾಣುವುದೇ ಇಲ್ಲ ಅಂತ ನಾನೇ ಹಟ ಮಾಡಿದೆ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸು ಅಂದಿದ್ದೇನೆ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ನಿಂತಲ್ಲೇ ಸ್ಟಾರ್ಟ್ ಮಾಡಿ ಬಂದ್ ಮಾಡಿದರೆ ಅದು ತುಂಬುವುದಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಸಪಾಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡುವುದು ಮೇಲು. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಟ್ಟರೆ ಸೀಟಿಗೆ ಬೂಷ್ಟು ಹಿಡಿಯುವುದಿಲ್ಲ.

ಊರಿಗೆ ಬಂದಾಗ ಕಾರನ್ನು ಅಡಿಕೆ ಮಾಡಿನ ಕೆಳಗೆ ನಿಲ್ಲಿಸುತ್ತಾನೆ. ಇಲಿಗಳಿಗೂ ಅದೇ ಜಾಗ ಇಷ್ಟ. ಕಳೆದ ತಿಂಗಳು ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕದಲ್ಲಿ ಒಂದು ಮುಷ್ಟಿ ಅಡಿಕೆ ಸಿಪ್ಪೆ, ಅರ್ಧ ಕಡಿದ ಒಂದು ವೈರ್. ಇಪ್ಪತ್ತೇ ರೂಪಾಯಿಯ ಟೇಪು ಸುತ್ತಿ ಸರಿ ಮಾಡಿದೆವು. ಈಗ ಹೊರಡುವ ಮೊದಲು ಅವನು ಬಾನೆಟ್ ಎತ್ತುತ್ತಾನೆ, ಆಮೇಲೆ ಕೀಲಿ ಹಾಕುತ್ತಾನೆ.