ರಾಯಚೂರಿನ ಬೋರ್ ನೀರು, 25 ಲೀಟರ್ ರೆಸಿನ್: ನನ್ನ ಅನುಭವ

ಗೀಸರ್ ರಿಪೇರಿಗೆ ಬಂದ ಹುಡುಗ ಕಾಯಿಲ್ ಹೊರಗೆಳೆದು ನನ್ನ ಕೈಗೆ ಕೊಟ್ಟ. ಕಿರುಬೆರಳಷ್ಟು ಇರಬೇಕಾದದ್ದು ಮೆಕ್ಕೆಜೋಳದ ತೆನೆಯಷ್ಟು ದಪ್ಪ ಆಗಿತ್ತು. ಉಗುರಿನಿಂದ ಕೆರೆದರೆ ಬಿಳಿ ಚಕ್ಕೆ ಪದರ ಪದರವಾಗಿ ಉದುರಿತು. "ಅಣ್ಣಾರ, ಎರಡು ವರ್ಷದಾಗ ಇದು ಮೂರನೇ ಕಾಯಿಲ್. ನಿಮ್ಮ ನೀರು ಭಾಳ ಸವಳು ಅದಾವ್ರಿ" ಅಂದ.

ನಮ್ಮದು ಎಡೆದೊರೆ ನಾಡು. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಆದರೂ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ಬಳಕೆಗೆ ಬೋರ್ ನೀರೇ ಗತಿ. ನಲ್ಲಿಯಲ್ಲಿ ಹೊಳೆ ನೀರು ಬಂದ ದಿನ ಕುಡಿಯೋಕೆ, ಅಡುಗೆಗೆ ತುಂಬಿಟ್ಟುಕೊಳ್ಳುತ್ತೇವೆ. ಅದು ತಪ್ಪಿದ ದಿನ ಬೋರ್ ನೀರಲ್ಲಿ ಬೇಳೆ ಇಟ್ಟರೆ ಕುಕ್ಕರ್ ಎಷ್ಟು ಸಲ ಕೂಗಿದರೂ ಬೇಳೆ ಕರಗುವುದಿಲ್ಲ.

ಈ ನೀರನ್ನು ಮೆದು ಮಾಡೋಕೆ ಅಂತ ಮೊದಲು ನಾನು ತಂದದ್ದು ಪೈಪಿಗೆ ವೈರ್ ಸುತ್ತುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಉಪ್ಪು ಬೇಡ, ಕೆಲಸ ಇಲ್ಲ ಅಂದಿದ್ದರು. ನಾಲ್ಕು ತಿಂಗಳು ಇಟ್ಟೆ. ಶವರಿನ ತೂತು ಎಂದಿನಂತೆ ಮುಚ್ಚಿಕೊಂಡಿತು. ಈ ಪೆಟ್ಟಿಗೆಯಾಗಲಿ, ಅಯಸ್ಕಾಂತವಾಗಲಿ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆಯುವುದೇ ಇಲ್ಲ. ಗಡಸುತನ ಅಂದರೆ ಅವೆರಡೇ ಅಲ್ವಾ? ಆ ದುಡ್ಡು ಹೋದದ್ದಕ್ಕೆ ಇವತ್ತಿಗೂ ಬೇಜಾರಿದೆ.

ಆಮೇಲೆ ಮಷಿನ್ ಮಾರಲು ಬಂದವರೆಲ್ಲ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಒಟ್ಟು ಲವಣ ಅಳೆಯುವುದು) ಅದ್ದಿ ತೋರಿಸಿದರು. 1150 ಅಂತ ಬಂತು. ಆದರೆ ಟಿಡಿಎಸ್ ಬೇರೆ, ಗಡಸುತನ ಬೇರೆ. ಟಿಡಿಎಸ್‌ನಲ್ಲಿ ಅಡುಗೆ ಉಪ್ಪೂ ಸೇರುತ್ತದೆ, ಸುಣ್ಣದ ಅಂಶವೂ ಸೇರುತ್ತದೆ. ಸಾಫ್ಟ್‌ನರ್, ಅಂದರೆ ರೆಸಿನ್ ಎಂಬ ಸಣ್ಣ ಮಣಿಗಳ ಮೂಲಕ ನೀರು ಹಾಯಿಸಿ ಗಡಸುತನ ತೆಗೆಯುವ ಮಷಿನ್, ಹಾಕಿದ ಮೇಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ನೀರನ್ನು ಲ್ಯಾಬಿಗೆ ಕೊಟ್ಟು ಗಡಸುತನ, ಕಬ್ಬಿಣ, ಫ್ಲೋರೈಡ್ ಮೂರನ್ನೂ ನೋಡಿಸಿದೆ. ಕಬ್ಬಿಣ ಜಾಸ್ತಿ ಇದ್ದರೆ ರೆಸಿನ್ ಬೇಗ ಕೆಡುತ್ತದೆ, ನಮ್ಮಲ್ಲಿ ಇರಲಿಲ್ಲ. ಫ್ಲೋರೈಡ್ ಅನ್ನು ಸಾಫ್ಟ್‌ನರ್ ತೆಗೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಬೋರ್‌ಗಳಲ್ಲಿ ಅದು ಇರುವುದರಿಂದ ಈ ಮಾತು ನೆನಪಿಡಬೇಕು. ಗಡಸುತನ ಲೀಟರಿಗೆ 720 ಮಿಲಿಗ್ರಾಂ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600 ತನಕ.

ಇನ್ನು ಲೆಕ್ಕ. ಅಂಗಡಿಯಲ್ಲಿ "ಎಷ್ಟು ಬಾತ್‌ರೂಮ್?" ಅಂತ ಕೇಳಿ ಮಷಿನ್ ತೋರಿಸುತ್ತಾರೆ. ನಾನು ಕೇಳಿದ್ದು ಒಳಗೆ ರೆಸಿನ್ ಎಷ್ಟು ಲೀಟರ್ ಅಂತ. ನಾವು ಐದು ಜನ. ಸಾವಿರ ಲೀಟರಿನ ಟ್ಯಾಂಕು ಎರಡು ದಿನಕ್ಕೆ ಖಾಲಿ ಆಗುತ್ತದೆ, ಅಂದರೆ ದಿನಕ್ಕೆ 500 ಲೀಟರ್. ಶೌಚಾಲಯಕ್ಕೆ, ಗಿಡಗಳಿಗೆ, ಅಂಗಳಕ್ಕೆ ಮೆದು ನೀರು ಯಾಕೆ? ಸ್ನಾನ, ಗೀಸರ್, ವಾಷಿಂಗ್ ಮಷಿನ್, ಪಾತ್ರೆ ಇಷ್ಟಕ್ಕೆ 300 ಲೀಟರ್ ಸಾಕು. 300 ಲೀಟರಲ್ಲಿ 216 ಗ್ರಾಂ ಗಡಸುತನ. ಅಂದರೆ ಅಷ್ಟು ಸುಣ್ಣದ ಅಂಶ ದಿನಾ ನಮ್ಮ ಮೈ ಮೇಲೆ, ಬಟ್ಟೆ ಮೇಲೆ, ಕಾಯಿಲ್ ಮೇಲೆ ಹರಿದು ಹೋಗುತ್ತಿತ್ತು.

ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ಹಿಡಿದಷ್ಟಕ್ಕೂ ಬದಲಾಗಿ ಸೋಡಿಯಂ ಬಿಡುತ್ತದೆ. ತುಂಬಿದ ಮೇಲೆ ಉಪ್ಪು ನೀರಲ್ಲಿ ತೊಳೆದರೆ ಮತ್ತೆ ಸಿದ್ಧ. ನನಗೆ ತೋರಿಸಿದ 10 ಲೀಟರ್ ರೆಸಿನ್ ಮಷಿನ್ 500 ಗ್ರಾಂ ಹಿಡಿದು ಎರಡೇ ದಿನಕ್ಕೆ ಉಪ್ಪು ಕೇಳುತ್ತಿತ್ತು. 25 ಲೀಟರಿನದು 1250 ಗ್ರಾಂ ಹಿಡಿಯುತ್ತದೆ, ಐದು ದಿನಕ್ಕೊಮ್ಮೆ ತೊಳೆದರೆ ಸಾಕು. ಪ್ರತಿ ಸಲ ಹತ್ತಿರ ಹತ್ತಿರ ನಾಲ್ಕು ಕೆಜಿ ಉಪ್ಪು, ತಿಂಗಳಿಗೆ 24 ಕೆಜಿ. ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದು ನೋಡಿದ ಮೇಲೇ 25 ಲೀಟರಿನದು ತಂದೆ. ಆಟೋಮ್ಯಾಟಿಕ್ ಬೇಡ ಅಂದೆ. ಅದಕ್ಕೆ ಕರೆಂಟೂ ಬೇಕು, ನೀರಿನ ಒತ್ತಡವೂ ಬೇಕು. ಕೈಯಿಂದ ತಿರುಗಿಸುವ ವಾಲ್ವ್ ನಮ್ಮ ಮನೆಗೆ ಚಲೋ.

ಮೆದು ನೀರಿಗೆ ಅಂತ ಮಾಳಿಗೆ ಮೇಲೆ 500 ಲೀಟರಿನ ಇನ್ನೊಂದು ಟ್ಯಾಂಕ್ ಇಡಿಸಿ, ಮೋಟರಿನಿಂದ ಅಲ್ಲಿಗೆ ಹೋಗುವ ಪೈಪಿನಲ್ಲಿ ಮಷಿನ್ ಕೂರಿಸಿದೆವು. ಅದಕ್ಕೂ ಮೊದಲು ಮರಳು ತಡೆಯುವ ಫಿಲ್ಟರ್. ಮೊದಲ ದಿನವೇ ಗಾಬರಿ ಆಯ್ತು. ಗಡಸುತನ ನೋಡುವ ಹನಿ ಕಿಟ್ ತಂದಿದ್ದೆ. ಪುಟ್ಟ ಸೀಸೆಯಲ್ಲಿ ನೀರು ಹಾಕಿ ಬಣ್ಣದ ಪುಡಿ ಉದುರಿಸಿದರೆ ಮೆದು ನೀರು ತಕ್ಷಣ ನೀಲಿ ಆಗಬೇಕು. ನಮ್ಮದು ದಾಳಿಂಬೆ ರಸದ ಹಾಗೆ ಕೆಂಪಗಾಯ್ತು. ಹೊಸ ಮಷಿನ್ನೇ ಕೆಟ್ಟಿದೆ ಅಂದುಕೊಂಡೆ. ತಪ್ಪು ಮೋಟರಿನ ಜೋರಿನದು. ನೀರು ಅಷ್ಟು ವೇಗವಾಗಿ ನುಗ್ಗಿದರೆ ರೆಸಿನ್‌ಗೆ ಗಡಸುತನ ಹಿಡಿಯಲು ಸಮಯವೇ ಸಿಗುವುದಿಲ್ಲ. ಪ್ಲಂಬರ್ ಬೈಪಾಸ್ ಹಾಕಿ ಹೆಚ್ಚಿನ ನೀರನ್ನು ದೊಡ್ಡ ಟ್ಯಾಂಕಿಗೆ ತಿರುಗಿಸಿದ. ಅರ್ಧ ಗಂಟೆ ಬಿಟ್ಟು ಮತ್ತೆ ಸೀಸೆ ತುಂಬಿದೆ. ಪುಡಿ ಬಿದ್ದ ಕೂಡಲೇ ಶಾಯಿಯಂಥ ನೀಲಿ. ಅವ್ವನನ್ನು ಕರೆದು ತೋರಿಸಿದೆ.

ಅಡುಗೆಮನೆಯ ಕುಡಿಯುವ ನಲ್ಲಿಗೆ ಈ ನೀರು ಕೊಟ್ಟಿಲ್ಲ. 720ರಷ್ಟು ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 330 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಅಪ್ಪನಿಗೆ ಬಿಪಿ ಇದೆ. ಕುಡಿಯೋಕೆ, ಬೇಳೆಗೆ ಹೊಳೆ ನೀರೇ.

ಒಂದು ವಿಷಯದಲ್ಲಿ ನಾನು ಎಡವಿದೆ. ತೊಳೆದ ಉಪ್ಪು ನೀರನ್ನು ಹಿತ್ತಲಿಗೆ ಬಿಟ್ಟೆ. ಎರಡು ತಿಂಗಳಲ್ಲಿ ಕರಿಬೇವಿನ ಗಿಡದ ಎಲೆ ತುದಿಯಿಂದ ಸುಟ್ಟಂತಾಗಿ ಉದುರಿ ಹೋಯಿತು. ಹೊಸ ಮನೆಗೆ ಬಂದ ವಾರವೇ ಅವ್ವ ನೆಟ್ಟ ಗಿಡ ಅದು. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರು ನಿಂತು ಹೊಲ ಸವಳಾಗಿರುವುದನ್ನು ಕಣ್ಣಾರೆ ಕಂಡವನು ನಾನು. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಬಿಗಿದುಕೊಂಡು ನೀರೇ ಇಂಗುವುದಿಲ್ಲ. ಈಗ ಆ ನೀರನ್ನು ಪೈಪ್ ಹಾಕಿ ಒಳಚರಂಡಿಗೆ ಬಿಟ್ಟಿದ್ದೇನೆ. ಒಳಚರಂಡಿ ಇಲ್ಲದ ಮನೆಯವರು ಮಷಿನ್ ತರುವ ಮೊದಲೇ ಇದಕ್ಕೆ ದಾರಿ ನೋಡಿಕೊಳ್ಳಬೇಕು.

ಉಪ್ಪು ನೀರಲ್ಲಿ ರೆಸಿನ್ ತೊಳೆದ ತಾರೀಕನ್ನು ಮೋಟರ್ ಗೂಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ನಾನು ಊರಲ್ಲಿ ಇಲ್ಲದಿದ್ದರೆ ಅವ್ವನೇ ಸೀಸೆ ಹಿಡಿದು ನೋಡಿ ಫೋನ್ ಮಾಡುತ್ತಾಳೆ: "ಇವತ್ತು ನೀರು ಕೆಂಪಾಗ್ಯಾವ, ಉಪ್ಪು ಹಾಕಬೇಕೇನಪಾ?"